ಸ್ಕ್ರೋಲ್ ಸಾ ಕೊಳ್ಳುವವರು, ಕೊಂಡವರು ಪದೇ ಪದೇ ಕೇಳುವ ಪ್ರಶ್ನೆಗಳು

ಹವ್ಯಾಸಕ್ಕೆ ಮರಗೆಲಸ ಮಾಡುವವರು ಸ್ಕ್ರೋಲ್ ಸಾ (ಎಳೆಯಂಥ ಬ್ಲೇಡಿನಿಂದ ಸೂಕ್ಷ್ಮ ಆಕಾರ ಕೊಯ್ಯುವ ಗರಗಸ ಯಂತ್ರ) ಬಗ್ಗೆ ನನ್ನನ್ನು ಕೇಳಿದ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಂದೆಡೆ ಹಾಕಿದ್ದೇನೆ. ನಾನು ಮೂರು ಯಂತ್ರ ಬಳಸಿದ್ದೇನೆ. ಮೊದಲನೆಯದು ಅಗ್ಗದ್ದು, ಎರಡನೆಯದು ಸೆಕೆಂಡ್ ಹ್ಯಾಂಡ್, ಮೂರನೆಯದು ಈಗಲೂ ಓಡುತ್ತಿದೆ. ಮೂರರಿಂದಲೂ ಕಲಿತದ್ದು ಒಂದೇ. ಮರ ಕೊಯ್ಯುವುದು ಬ್ಲೇಡು. ಅದನ್ನು ಬಿಗಿಯಾಗಿ ಹಿಡಿದು, ಅಲುಗದ ಹಾಗೆ ನೆಟ್ಟಗೆ ಮೇಲೆ ಕೆಳಗೆ ಓಡಿಸುವುದಷ್ಟೇ ಯಂತ್ರದ ಕೆಲಸ. ಕೆಳಗಿನ ಉತ್ತರಗಳಲ್ಲಿ ಅರ್ಧಕ್ಕರ್ಧ ಈ ಮಾತಿಗೇ ಬಂದು ನಿಲ್ಲುತ್ತವೆ.

ನನ್ನ ಹತ್ತಿರ ಜಿಗ್ ಸಾ ಇದೆ, ಬ್ಯಾಂಡ್ ಸಾ ಕೂಡ ಇದೆ. ಮತ್ತೆ ಸ್ಕ್ರೋಲ್ ಸಾ ಯಾಕೆ?

ಹಲಗೆಯ ಅಂಚು ಮುಟ್ಟದೆ ನಡುವಿನಿಂದ ಒಂದು ಹೂವಿನ ಆಕಾರ ಕೊಯ್ದು ತೆಗೆಯಬೇಕು ಅಂದುಕೊಳ್ಳಿ. ಬ್ಯಾಂಡ್ ಸಾದಲ್ಲಿ ಅದು ಆಗದ ಮಾತು, ಅದರ ಬ್ಲೇಡು ಬಳೆಯ ಹಾಗೆ, ತುದಿಯೇ ಇಲ್ಲ. ಕೈಯಲ್ಲಿ ಹಿಡಿದು ಓಡಿಸುವ ಜಿಗ್ ಸಾದಲ್ಲಿ ಒಳಗೆ ಕೊಯ್ಯಬಹುದು, ಆದರೆ ಬ್ಲೇಡು ಅಗಲ. ಸಣ್ಣ ತಿರುವಿನಲ್ಲಿ ತಿರುಗುವುದಿಲ್ಲ, ಮೇಲ್ಮೈಯೂ ಸೀಳು ಸೀಳಾಗುತ್ತದೆ. ಸ್ಕ್ರೋಲ್ ಸಾದ ಬ್ಲೇಡನ್ನು ಎರಡೂ ತುದಿಯಲ್ಲಿ ಬಿಚ್ಚಬಹುದು. ಹಲಗೆಗೆ ಸಣ್ಣ ತೂತು ಕೊರೆದು, ಬ್ಲೇಡಿನ ಒಂದು ತುದಿ ಅದರೊಳಗೆ ತೂರಿಸಿ, ಮತ್ತೆ ಬಿಗಿದು, ಕೊಯ್ಯಲು ಶುರು ಮಾಡಿದರಾಯಿತು. ಸಾಮಾನ್ಯವಾಗಿ ಬಳಸುವ 5ನೇ ನಂಬರ್ ಬ್ಲೇಡಿನ ಅಗಲ ಸುಮಾರು 1 ಮಿಲಿಮೀಟರ್, ದಪ್ಪ ಅರ್ಧ ಮಿಲಿಮೀಟರಿಗೂ ಕಡಿಮೆ. ಹಾಗಾಗಿ ಹೆಚ್ಚು ಕಡಿಮೆ ನಿಂತಲ್ಲೇ ತಿರುಗುತ್ತದೆ.

1760ರ ದಶಕದಲ್ಲಿ ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿ ಹಲಗೆಗೆ ಭೂಪಟ ಅಂಟಿಸಿ, ದೇಶಗಳ ಗಡಿಗುಂಟ ಕೊಯ್ದು, ಮಕ್ಕಳು ಜೋಡಿಸಿ ಭೂಗೋಳ ಕಲಿಯುವ ಹಾಗೆ ಮಾಡಿದ. ಜಿಗ್ಸಾ ಪಜಲ್‌ಗಳು ಹುಟ್ಟಿದ್ದು ಹಾಗೆ. ಹೆಸರಿನಲ್ಲಿ ಜಿಗ್ ಸಾ ಇದ್ದರೂ ಇವತ್ತು ಮನೆಯಲ್ಲಿ ಮರದ ಪಜಲ್ ಮಾಡುವವರು ಕೂರುವುದು ಸ್ಕ್ರೋಲ್ ಸಾ ಮುಂದೆಯೇ.

ಉದ್ದ ನೇರ ಕಟ್‌ಗೆ, ದಪ್ಪ ಮರಕ್ಕೆ ಇದು ಸರಿಯಾದ ಯಂತ್ರ ಅಲ್ಲ. 2 ಇಂಚಿನ ತನಕ ಹೆಚ್ಚಿನವು ಕೊಯ್ಯುತ್ತವೆ, ಆದರೆ ಮುಕ್ಕಾಲು ಇಂಚು ದಾಟಿದ ಮೇಲೆ ತುಂಬಾ ನಿಧಾನ.

ಕೊಳ್ಳುವಾಗ ಮೊದಲು ಏನು ನೋಡಬೇಕು? ಮೋಟರಾ, ಸೈಜಾ?

ಎರಡೂ ಅಲ್ಲ. ಮೊದಲು ನೋಡಬೇಕಾದ್ದು ಅದು ಯಾವ ಬ್ಲೇಡು ಹಿಡಿಯುತ್ತದೆ ಅಂತ. ಬ್ಲೇಡಿನಲ್ಲಿ ಎರಡು ಜಾತಿ. ಒಂದರ ಎರಡೂ ತುದಿಗೆ ಅಡ್ಡಲಾಗಿ ಚಿಕ್ಕ ಪಿನ್ ಇರುತ್ತದೆ, ಅದನ್ನು ಕೊಕ್ಕೆಗೆ ಸಿಕ್ಕಿಸಿದರೆ ಆಯಿತು. ಇನ್ನೊಂದಕ್ಕೆ ಪಿನ್ ಇಲ್ಲ, ತುದಿ ಚಪ್ಪಟೆ, ಕ್ಲಾಂಪ್ ಒತ್ತಿ ಹಿಡಿಯುತ್ತದೆ. ಎರಡೂ ಸಾಮಾನ್ಯವಾಗಿ 5 ಇಂಚು ಉದ್ದ.

ಪಿನ್ ಇರುವುದು ಹಾಕಲು ಸುಲಭ, ನಿಜ. ಆದರೆ ಒಳಗಿನ ಕಟ್‌ಗೆ ಪಿನ್ ತೂರುವಷ್ಟು ದೊಡ್ಡ ತೂತು ಕೊರೆಯಬೇಕು, ಅಂದರೆ 4-5 ಮಿಲಿಮೀಟರ್. ಸೂಕ್ಷ್ಮ ಜಾಲಿ (ತೂತು ತೂತಿನ ಜಾಲರಿ) ಕೆಲಸದಲ್ಲಿ ಎಷ್ಟೋ ಸಲ ಕೊಯ್ಯಬೇಕಾದ ಜಾಗವೇ ಅಷ್ಟಿರುವುದಿಲ್ಲ. ಪಿನ್ ಇಲ್ಲದ ಸಣ್ಣ ಬ್ಲೇಡಿಗೆ 1 ಮಿಲಿಮೀಟರ್ ಆಸುಪಾಸಿನ ತೂತು ಸಾಕು. ಜೊತೆಗೆ ಒಳ್ಳೆಯ ಬ್ಲೇಡುಗಳೆಲ್ಲ ಪಿನ್ ಇಲ್ಲದವೇ. ಬರೀ ಪಿನ್ ಬ್ಲೇಡು ಹಿಡಿಯುವ ಯಂತ್ರ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ ಅನ್ನುತ್ತೇನೆ. ನನ್ನ ಮೊದಲ ಯಂತ್ರ ಅಂಥದ್ದು, ಆರು ತಿಂಗಳಲ್ಲಿ ಮೂಲೆ ಸೇರಿತು.

ಎರಡನೆಯದು ನಡುಕ. ಮೂರನೆಯದು ಬ್ಲೇಡು ಬದಲಿಸುವ ಸುಲಭ. ಒಂದು ಜಾಲಿಯಲ್ಲಿ ನೂರು ತೂತು ಇದ್ದರೆ ನೂರು ಸಲ ಬ್ಲೇಡು ಬಿಚ್ಚಿ ಕಟ್ಟಬೇಕು, ಪ್ರತಿ ಸಲವೂ ಸ್ಕ್ರೂ ಬಿಗಿಯುವ ಕೀಲಿ ಹುಡುಕುತ್ತಾ ಕೂತರೆ ಕೆಲಸದ ಆಸೆಯೇ ಹೋಗುತ್ತದೆ. ಕೈಯಲ್ಲೇ ತಿರುಗಿಸುವ ಸ್ಕ್ರೂ, ಮುಂದೆಯೇ ಬ್ಲೇಡಿನ ಬಿಗಿ ಹೊಂದಿಸುವ ಟೆನ್ಷನ್ ಲಿವರ್, ಬ್ಲೇಡು ಹಿಡಿದಿರುವ ಮೇಲಿನ ತೋಳು ಎತ್ತಿದರೆ ಹಾಗೇ ನಿಲ್ಲುವ ವ್ಯವಸ್ಥೆ, ಇವು ಮೂರು ಇದ್ದರೆ ಜೀವನ ಸುಲಭ. ವೇಗ ಹೆಚ್ಚು ಕಡಿಮೆ ಮಾಡುವ ಗುಂಡಿ ಇರಲೇಬೇಕು. ಮೋಟರ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಇಷ್ಟು ಸಣ್ಣ ಬ್ಲೇಡಿಗೆ ಜಾಸ್ತಿ ಶಕ್ತಿ ಬೇಕಿಲ್ಲ.

16 ಇಂಚು, 18 ಇಂಚು, 21 ಇಂಚು ಅಂತಾರಲ್ಲ, ಅದೇನು?

ಬ್ಲೇಡಿನಿಂದ ಹಿಂದಿನ ಕಂಬದವರೆಗಿನ ದೂರ, ಥ್ರೋಟ್ ಅನ್ನುತ್ತಾರೆ. ಹಲಗೆ ತಿರುಗಿಸುವಾಗ ಹಿಂದೆ ತಾಗದ ಹಾಗೆ ಅಷ್ಟು ಜಾಗ ಸಿಗುತ್ತದೆ. ಹವ್ಯಾಸದ ಕೆಲಸಗಳಲ್ಲಿ ಬಹುಪಾಲು 16 ಇಂಚಿನಲ್ಲಿ ಆಗುತ್ತವೆ. ಇನ್ನೂ ದೊಡ್ಡದು ಬಂದಾಗ ಸುರುಳಿ ಬ್ಲೇಡು ಇದೆ, ಅದಕ್ಕೆ ಸುತ್ತಲೂ ಹಲ್ಲು, ಹಲಗೆ ತಿರುಗಿಸದೆಯೇ ಯಾವ ಕಡೆಗೆ ಬೇಕಾದರೂ ದೂಡಬಹುದು. ಕಟ್ ಸ್ವಲ್ಪ ಒರಟು, ಹಿಡಿತ ಕಷ್ಟ, ಅಷ್ಟೇ. ಥ್ರೋಟ್ ದೊಡ್ಡದು ಅಂತ ನಡುಗುವ ಯಂತ್ರ ತಂದುಕೊಳ್ಳಬೇಡಿ.

ಪ್ಯಾರಲಲ್ ಆರ್ಮ್, ಸಿ-ಆರ್ಮ್, ಪ್ಯಾರಲಲ್ ಲಿಂಕ್. ಯಾವುದು ಒಳ್ಳೆಯದು?

ಈ ಪ್ರಶ್ನೆಗೆ ಸ್ವಲ್ಪ ಸಮಯ ಕೊಡಿ, ಯಂತ್ರದ ಗುಣವೆಲ್ಲ ಇಲ್ಲೇ ಇದೆ.

ಸಿ-ಆರ್ಮ್‌ನಲ್ಲಿ ಮೇಲಿನ ಕೆಳಗಿನ ತೋಳು ಸೇರಿ ಒಂದೇ ತುಂಡು, ಹಿಂದಿನ ಒಂದು ಕೀಲಿನ ಮೇಲೆ ತೂಗುತ್ತದೆ. ಹಾಗಾಗಿ ಬ್ಲೇಡು ನೆಟ್ಟಗೆ ಇಳಿಯದೆ ಸ್ವಲ್ಪ ಬಿಲ್ಲಿನ ಹಾಗೆ ಬಾಗುತ್ತಾ ಇಳಿಯುತ್ತದೆ. ಬೇಗ ಕೊಯ್ಯುತ್ತದೆ, ಸೂಕ್ಷ್ಮ ಕೆಲಸಕ್ಕೆ ಹಿಡಿತ ಸಾಲದು.

ಪ್ಯಾರಲಲ್ ಆರ್ಮ್‌ನಲ್ಲಿ ಎರಡು ಉದ್ದ ತೋಳು, ಹಿಂದೆ ಎರಡು ಕೀಲು. ಎರಡೂ ಒಟ್ಟಿಗೆ ಏರಿ ಇಳಿಯುವುದರಿಂದ ಬ್ಲೇಡು ಸುಮಾರಾಗಿ ನೆಟ್ಟಗೇ ಇರುತ್ತದೆ. ಅಗ್ಗದ ಯಂತ್ರಗಳಲ್ಲಿ ಹೆಚ್ಚಿನವು ಇದೇ ರೀತಿಯವು. ಹಾಗಂತ ಈ ವಿನ್ಯಾಸ ಕೀಳು ಅಂದುಕೊಳ್ಳಬೇಡಿ. ಜರ್ಮನಿಯ ಹೆಗ್ನರ್ ಕೂಡ ಪ್ಯಾರಲಲ್ ಆರ್ಮ್, ಅದನ್ನು ಬಳಸುವವರು ದಶಕಗಟ್ಟಲೆ ಬಿಟ್ಟುಕೊಡುವುದಿಲ್ಲ. ವ್ಯತ್ಯಾಸ ಇರುವುದು ಕೀಲಿನ ಬಿಗಿ, ಎರಕದ ತೂಕ, ಬೇರಿಂಗ್ ಗುಣದಲ್ಲಿ.

ಪ್ಯಾರಲಲ್ ಲಿಂಕ್‌ನಲ್ಲಿ ಉದ್ದ ತೋಳು ಅಲುಗುವುದೇ ಇಲ್ಲ. ಅದರೊಳಗೆ ಕೋಲುಗಳು ಹಿಂದೆ ಮುಂದೆ ಓಡಿ, ತುದಿಯಲ್ಲಿರುವ ಚಿಕ್ಕ ತುಂಡುಗಳನ್ನು ಮಾತ್ರ ಏರಿಸಿ ಇಳಿಸುತ್ತವೆ. ಅಲುಗುವ ತೂಕ ಕಡಿಮೆ, ನಡುಕವೂ ಕಡಿಮೆ. ಡಿವಾಲ್ಟ್ ಡಿಡಬ್ಲ್ಯೂ788 ಈ ಬಗೆಯದು: 20 ಇಂಚು ಥ್ರೋಟ್, ನಿಮಿಷಕ್ಕೆ 400ರಿಂದ 1750 ಸ್ಟ್ರೋಕ್ (ಬ್ಲೇಡಿನ ಮೇಲೆ ಕೆಳಗಿನ ಓಟ), ತೂಕ ಸುಮಾರು 25 ಕಿಲೋ. ಎಕ್ಸ್‌ಕ್ಯಾಲಿಬರ್, ಪೆಗಾಸ್ ಯಂತ್ರಗಳಲ್ಲಿ ಇನ್ನೊಂದು ಅನುಕೂಲ ಇದೆ. ಓರೆಯಾಗಿ ಕೊಯ್ಯಬೇಕಾದಾಗ ಟೇಬಲ್ ವಾಲುವುದಿಲ್ಲ, ಇಡೀ ತಲೆಯೇ ವಾಲುತ್ತದೆ. ಹಲಗೆ ಸಮತಟ್ಟಾಗಿಯೇ ಇರುವುದರಿಂದ ಜಾರುವ ಕಾಟ ಇಲ್ಲ. ಓರೆ ಕಟ್‌ನಿಂದ ಬಟ್ಟಲು ಮಾಡುವ, ಒಂದು ಮರದೊಳಗೆ ಇನ್ನೊಂದು ಮರ ಕೂರಿಸುವ ಆಸೆ ಇದ್ದರೆ ಇದನ್ನು ಗಮನಿಸಿ.

ಶುರುವಿಗೆ ವೆನ್ 3921 ಥರದ 16 ಇಂಚಿನದ್ದು ಸಾಕಾ ಅಂತಲೂ ಕೇಳುತ್ತಾರೆ. ಅದು ಎರಡೂ ಬಗೆಯ ಬ್ಲೇಡು ಹಿಡಿಯುತ್ತದೆ, ವೇಗವನ್ನೂ ಬದಲಿಸಬಹುದು. ಕಲಿಯಲು ಸಾಕು. ಭಾರದ ಬೆಂಚಿಗೆ ಬೋಲ್ಟ್ ಹಾಕಿ ಕೂರಿಸುವುದು ಮಾತ್ರ ಮರೆಯಬೇಡಿ.

ಸೆಕೆಂಡ್ ಹ್ಯಾಂಡ್ ತಗೊಳ್ಳಬಹುದಾ?

ಖಂಡಿತ. ಎಷ್ಟೋ ಜನ ಆಸೆಯಿಂದ ತಂದು ಹತ್ತು ಗಂಟೆ ಓಡಿಸಿ ಬಿಟ್ಟಿರುತ್ತಾರೆ. ಆದರೆ ಓಡಿಸಿ ನೋಡದೆ ತರಬೇಡಿ. ವಿದ್ಯುತ್ ತೆಗೆದು ಮೇಲಿನ ತೋಳು ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಸಡಿಲ ಆಟ ಕಂಡರೆ ಬೇರಿಂಗ್ ಸವೆದಿದೆ. ಆಮೇಲೆ ಬ್ಲೇಡು ಹಾಕಿ, ಪಕ್ಕದಲ್ಲಿ ಒಂದು ಮೂಲೆಮಟ್ಟ ನಿಲ್ಲಿಸಿ, ಕೈಯಿಂದ ಯಂತ್ರವನ್ನು ನಿಧಾನವಾಗಿ ತಿರುಗಿಸಿ ಬ್ಲೇಡು ಹಿಂದೆ ಮುಂದೆ ಎಷ್ಟು ಓಡುತ್ತದೆ ನೋಡಿ. ಸ್ವಲ್ಪ ಸಹಜ, ಜಾಸ್ತಿ ಇದ್ದರೆ ಸಣ್ಣ ತಿರುವು ಕೆಡುತ್ತದೆ. ನಂತರ ಓಡಿಸಿ ಟೇಬಲ್ ಮೇಲೆ ಒಂದು ನಾಣ್ಯ ಅಂಚಿನ ಮೇಲೆ ನಿಲ್ಲಿಸಿ. ನಿಂತರೆ ಬಹಳ ಒಳ್ಳೆಯದು. ಬಿದ್ದರೂ ಗಾಬರಿ ಬೇಡ, ಇಟ್ಟ ಬೆಂಚು ಹಗುರ ಇರಬಹುದು. ವೇಗ ಏರಿಸಿದ ಹಾಗೆ ಟಕ ಟಕ ಬಡಿತ ಏರಿದರೆ ಮಾತ್ರ ಬಿಟ್ಟು ಬನ್ನಿ. ನನ್ನ ಎರಡನೇ ಯಂತ್ರದಲ್ಲಿ ಆ ಸದ್ದು ಕೇಳಿಸಿತ್ತು. ಮಾರಿದವರು ಎಣ್ಣೆ ಹಾಕಿದರೆ ಸರಿಹೋಗುತ್ತದೆ ಅಂದರು, ನಾನೂ ನಂಬಿದೆ. ಎಣ್ಣೆಯಿಂದ ಸರಿಹೋಗಲಿಲ್ಲ, ಬೇರಿಂಗನ್ನೇ ಬದಲಿಸಬೇಕಾಯಿತು.

ಬ್ಲೇಡಿನ ನಂಬರ್‌ಗಳು ತಲೆಗೆ ಹತ್ತುತ್ತಿಲ್ಲ. ಯಾವುದು ತರಲಿ?

ನಂಬರ್ ಹೆಚ್ಚಾದಷ್ಟು ಬ್ಲೇಡು ದಪ್ಪ, ಹಲ್ಲು ದೊಡ್ಡದು. 1, 3, 5, 7, 9, 12 ಹೀಗೆ ಏರುತ್ತದೆ. ಅದಕ್ಕೂ ಸಣ್ಣದಕ್ಕೆ 2/0 ಅಂತ ಬರೆದಿರುತ್ತಾರೆ. ಮೊದಲಿಗೆ 3, 5, 7 ಈ ಮೂರು ತನ್ನಿ. ಕಾಲು ಇಂಚು ಪ್ಲೈವುಡ್ಡಿಗೆ 3, ಅರ್ಧ ಮುಕ್ಕಾಲು ಇಂಚು ಮರಕ್ಕೆ 5, ಅದಕ್ಕೂ ದಪ್ಪ ಅಥವಾ ಗಟ್ಟಿ ಮರಕ್ಕೆ 7.

ಹಲ್ಲಿನ ಬಗೆಯಲ್ಲೂ ವಿಷಯ ಇದೆ. ಒಂದು ಹಲ್ಲು ಬಿಟ್ಟು ಒಂದು ಇರುವುದು ಸ್ಕಿಪ್ ಟೂತ್. ಹೊಟ್ಟು ಹೊರಬೀಳಲು ಜಾಗ ಇರುವುದರಿಂದ ಬಿಸಿಯಾಗುವುದು ಕಡಿಮೆ. ರಿವರ್ಸ್ ಟೂತ್ ಅಂದರೆ ಕೆಳತುದಿಯ ಕೆಲವು ಹಲ್ಲು ಮೇಲ್ಮುಖ, ಹಲಗೆಯ ಅಡಿಭಾಗ ಸೀಳದ ಹಾಗೆ ಕಾಪಾಡುತ್ತವೆ. ಪ್ಲೈವುಡ್ಡಿಗೆ ನಾನು ಬೇರೆ ಹಾಕುವುದೇ ಇಲ್ಲ. ಇದನ್ನು ಹಾಕುವಾಗ ತೋಳು ಪೂರ್ತಿ ಮೇಲೆ ಬಂದಾಗ ಎರಡು ಮೂರು ಮೇಲ್ಮುಖ ಹಲ್ಲು ಟೇಬಲ್ಲಿನಿಂದ ಮೇಲೆ ಕಾಣಬೇಕು. ಕಾಣದಿದ್ದರೆ ಅವು ಮರ ಮುಟ್ಟುವುದೇ ಇಲ್ಲ, ಸುಮ್ನೆ ವ್ಯರ್ಥ. ಉಳಿದ ಹಲ್ಲು ನಿಮ್ಮ ಕಡೆ ನೋಡಬೇಕು, ಕೆಳಮುಖವಾಗಿರಬೇಕು. ಸಣ್ಣ ಬ್ಲೇಡಿನಲ್ಲಿ ಕಣ್ಣಿಗೆ ಕಾಣದಿದ್ದರೆ ಬೆರಳು ಸವರಿ ನೋಡಿ. ಮೇಲಕ್ಕೆ ಸವರಿದಾಗ ಚುಚ್ಚಿದರೆ ಸರಿ ಇದೆ.

ಯಂತ್ರದ ಜೊತೆ ಬರುವ ಬ್ಲೇಡುಗಳನ್ನು ನೋಡಿ ಯಂತ್ರದ ಮೇಲೆ ತೀರ್ಪು ಕೊಡಬೇಡಿ. ಓಲ್ಸನ್, ಪೆಗಾಸ್, ಫ್ಲೈಯಿಂಗ್ ಡಚ್‌ಮ್ಯಾನ್ ಥರದ ಒಳ್ಳೆಯ ಬ್ಲೇಡು ಒಂದು ಡಜನ್ ತಂದು ಹಾಕಿ ನೋಡಿ. ಮಾರಿಬಿಡುತ್ತೇನೆ ಅಂತಿದ್ದ ಯಂತ್ರ ಇಷ್ಟವಾಗಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಬ್ಲೇಡು ಪದೇ ಪದೇ ಮುರಿಯುತ್ತದೆ. ಟೆನ್ಷನ್ ಜಾಸ್ತಿ ಆಯಿತಾ?

ಹೊಸಬರಲ್ಲಿ ಸಾಮಾನ್ಯವಾಗಿ ಉಲ್ಟಾ. ಟೆನ್ಷನ್ ಕಡಿಮೆ ಇರುತ್ತದೆ, ಬ್ಲೇಡು ಬಾಗುತ್ತದೆ, ಗೆರೆ ತಪ್ಪುತ್ತದೆ, ಸರಿ ಮಾಡಲು ಕೈ ಒತ್ತುತ್ತದೆ, ಪಟ್ ಅಂತ ಮುರಿಯುತ್ತದೆ. ಬಿಗಿದ ಬ್ಲೇಡನ್ನು ತಂತಿಯ ಹಾಗೆ ಮೀಟಿ. ಡಬ್ ಅಂದರೆ ಸಡಿಲ, ಟಿಂಗ್ ಅಂತ ಸ್ಪಷ್ಟ ಸ್ವರ ಬಂದರೆ ಸರಿ. ಬೆರಳಿನಿಂದ ಪಕ್ಕಕ್ಕೆ ದೂಡಿದರೆ 3 ಮಿಲಿಮೀಟರಿಗಿಂತ ಹೆಚ್ಚು ಬಾಗಬಾರದು. 2/0 ಥರದ ಎಳೆ ಬ್ಲೇಡಿಗೆ ಸ್ವಲ್ಪ ಕಡಿಮೆ ಬಿಗಿ.

ಎರಡನೇ ಕಾರಣ ಮೊಂಡು ಬ್ಲೇಡು. ಬ್ಲೇಡು ಹದವಾಗಿರುವ ತನಕ ಮರವನ್ನು ತಿರುಗಿಸುವುದಷ್ಟೇ ನಿಮ್ಮ ಕೆಲಸ. ದೂಡಬೇಕಾಗಿ ಬಂತು ಅಂದರೆ ಅದರ ಕಾಲ ಮುಗಿಯಿತು. ಗಟ್ಟಿ ಮರದಲ್ಲಿ ಕಾಲು ಗಂಟೆಗೇ ಮುಗಿಯಬಹುದು. ತೇಗದಲ್ಲಿ ಸಿಲಿಕಾ ಇರುತ್ತದೆ, ಪ್ಲೈವುಡ್ಡಿನಲ್ಲಿ ಅಂಟಿನ ಪದರ, ಎರಡೂ ಬೇಗ ಮೊಂಡಾಗಿಸುತ್ತವೆ. ಬ್ಲೇಡು ಉಳಿಸಲು ಹೋಗಿ ಮೂರು ದಿನದ ಕೆಲಸ ಹಾಳು ಮಾಡಿಕೊಂಡವರನ್ನು ನೋಡಿ ಹೊಟ್ಟೆ ಉರಿದಿದೆ.

ಬ್ಲೇಡು ಕ್ಲಾಂಪಿನಿಂದ ಜಾರಿ ಬರುತ್ತದೆ.

ಹೊಸ ಬ್ಲೇಡಿಗೆ ತುಕ್ಕು ಹಿಡಿಯದಿರಲಿ ಅಂತ ಎಣ್ಣೆ ಸವರಿರುತ್ತಾರೆ. ತುದಿಗಳನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಉಜ್ಜುಕಾಗದದ ನಡುವೆ ಒಮ್ಮೆ ಎಳೆಯಿರಿ. ಕ್ಲಾಂಪಿನ ಒಳಗನ್ನೂ ಒರೆಸಿ. ಆದರೂ ಜಾರಿದರೆ ಸ್ಕ್ರೂ ತುದಿ ನೋಡಿ, ಸವೆದು ನುಣುಪಾಗಿರುತ್ತದೆ ಅಥವಾ ಗುಳಿ ಬಿದ್ದಿರುತ್ತದೆ. ಅರದಿಂದ ಮಟ್ಟ ಮಾಡಿದರೆ ಮತ್ತೆ ಹಿಡಿಯುತ್ತದೆ. ಇಕ್ಕಳ ಹಾಕಿ ಬಿಗಿಯಬೇಡಿ. ಕ್ಲಾಂಪಿನ ಸ್ಕ್ರೂ ಥ್ರೆಡ್ ಹಾಳಾದರೆ ಇಡೀ ಕ್ಲಾಂಪ್ ತರಿಸಬೇಕು.

ಗೆರೆ ಮೇಲೆ ನೇರ ಇಟ್ಟರೂ ಕಟ್ ಬಲಕ್ಕೆ ಎಳೆಯುತ್ತದೆ. ನನ್ನ ಕೈಯದ್ದೇ ತಪ್ಪಾ?

ನಿಮ್ಮ ತಪ್ಪಲ್ಲ, ಯಂತ್ರದ್ದೂ ಅಲ್ಲ. ಹೆಚ್ಚಿನ ಬ್ಲೇಡುಗಳಲ್ಲಿ ಹಲ್ಲು ಮಾಡುವಾಗ ಒಂದು ಪಕ್ಕಕ್ಕೆ ಸಣ್ಣ ಮುಳ್ಳಂಚು ಉಳಿಯುತ್ತದೆ. ಆ ಪಕ್ಕ ಹೆಚ್ಚು ಚುರುಕು, ಹಾಗಾಗಿ ಆ ಕಡೆಗೆ ಎಳೆಯುತ್ತದೆ. ಹಲಗೆಯನ್ನು ಸ್ವಲ್ಪ ಓರೆಯಾಗಿ ಹಿಡಿದು ಕೊಟ್ಟರೆ ಗೆರೆ ಮೇಲೆ ಹೋಗುತ್ತದೆ. ಎಷ್ಟು ಓರೆ ಅನ್ನುವುದು ಬ್ಲೇಡಿನಿಂದ ಬ್ಲೇಡಿಗೆ ಬೇರೆ. ಚೂರು ಹಲಗೆಯ ಮೇಲೆ ನಾಲ್ಕು ನೇರ ಗೆರೆ ಕೊಯ್ದರೆ ಕೈಗೆ ತಾನೇ ಗೊತ್ತಾಗುತ್ತದೆ. ಈ ಒಂದು ವಿಷಯ ಯಾರೂ ಹೇಳದೆ ಎಷ್ಟೋ ಜನ ತಮ್ಮ ಕೈ ಸರಿಯಿಲ್ಲ ಅಂತ ಬಿಟ್ಟುಬಿಡುತ್ತಾರೆ, ಬೇಸರದ ಸಂಗತಿ ಅಲ್ವಾ. ಸಾಣೆ ಹಿಡಿದು ಮಾಡಿದ ಬ್ಲೇಡುಗಳಲ್ಲಿ ಈ ಎಳೆತ ಕಡಿಮೆ.

ಕೊಯ್ದ ತುಂಡು ಒಂದು ಕಡೆಯಿಂದ ತೂರಿದರೆ ಬರುತ್ತದೆ, ಇನ್ನೊಂದು ಕಡೆಯಿಂದ ಬರುವುದಿಲ್ಲ.

ಟೇಬಲ್ ಬ್ಲೇಡಿಗೆ ನೆಟ್ಟಗಿಲ್ಲ. ಟೇಬಲ್ ಕೆಳಗಿನ ಡಿಗ್ರಿ ಪಟ್ಟಿಯನ್ನು ನಂಬಬೇಡಿ. ಒಂದೂವರೆ ಇಂಚು ದಪ್ಪದ ಮರದ ತುಂಡಿಗೆ ಒಂದೆರಡು ಮಿಲಿಮೀಟರ್ ಆಳ ಕೊಯ್ದು ನಿಲ್ಲಿಸಿ. ತುಂಡನ್ನು ಬ್ಲೇಡಿನ ಹಿಂದಕ್ಕೆ ಒಯ್ದು, ಅದೇ ಸೀಳನ್ನು ಬ್ಲೇಡಿನ ಬೆನ್ನಿಗೆ ತಂದು ನೋಡಿ. ಬ್ಲೇಡು ಸೀಳಿನೊಳಗೆ ಸಲೀಸಾಗಿ ಕೂತರೆ ಸರಿ. ಕೂರದಿದ್ದರೆ ಕಾಣುವ ಅಂತರದ ಅರ್ಧದಷ್ಟು ಟೇಬಲ್ ವಾಲಿಸಿ ಮತ್ತೆ ಪರೀಕ್ಷಿಸಿ. ಇದು ಸರಿ ಇದ್ದೂ ತೊಂದರೆ ಉಳಿದರೆ ನೀವು ಪಕ್ಕಕ್ಕೆ ಒತ್ತುತ್ತಿದ್ದೀರಿ ಅಥವಾ ಟೆನ್ಷನ್ ಕಡಿಮೆ.

ಅಂಚು ಸುಟ್ಟು ಕಪ್ಪಾಗುತ್ತದೆ.

ಪ್ಯಾಟರ್ನ್ (ಕೊಯ್ಯಬೇಕಾದ ಚಿತ್ರ ಇರುವ, ಹಲಗೆಗೆ ಅಂಟಿಸುವ ಕಾಗದ) ಮೇಲೆ ಪಾರದರ್ಶಕ ಪ್ಯಾಕಿಂಗ್ ಟೇಪ್ ಅಂಟಿಸಿ ಕೊಯ್ಯಿರಿ, ಸುಡುವುದು ಬಹಳಷ್ಟು ನಿಲ್ಲುತ್ತದೆ. ಜೊತೆಗೆ ವೇಗ ಇಳಿಸಿ, ದೊಡ್ಡ ಹಲ್ಲಿನ ಬ್ಲೇಡು ಹಾಕಿ. ಬೀಟೆಯಂಥ ದಟ್ಟ ಮರಕ್ಕೆ ಮೂರೂ ಬೇಕು. ಪ್ಯಾಟರ್ನ್ ಅಂಟಿಸುವ ಮೊದಲು ಮರಕ್ಕೆ ಪೇಂಟರ್ ಟೇಪ್ ಹಾಕಿ, ಅದರ ಮೇಲೆ ಕಾಗದ ಅಂಟಿಸಿದರೆ ಕೊನೆಗೆ ಎಲ್ಲ ಒಟ್ಟಿಗೆ ಸಿಪ್ಪೆಯ ಹಾಗೆ ಬಿಚ್ಚಿ ಬರುತ್ತದೆ, ಅಂಟು ಕೆರೆಯುವ ಕೆಲಸ ಇಲ್ಲ.

ಅಕ್ರಿಲಿಕ್, ಹಿತ್ತಾಳೆ ಕೊಯ್ಯಬಹುದಾ?

ಅಕ್ರಿಲಿಕ್ ಬಿಸಿಗೆ ಕರಗಿ ಕಟ್ ಹಿಂದೆಯೇ ಮತ್ತೆ ಅಂಟಿಕೊಳ್ಳುತ್ತದೆ. ನಿಧಾನ ವೇಗ, ದೊಡ್ಡ ಹಲ್ಲು, ಮೇಲೆ ಟೇಪ್. ತೆಳು ಹಿತ್ತಾಳೆ ತಗಡಿಗೆ ಲೋಹದ ಬ್ಲೇಡು ಬೇರೆಯೇ ಇದೆ. ತಗಡನ್ನು ಎರಡು ತೆಳು ಪ್ಲೈವುಡ್ ನಡುವೆ ಇಟ್ಟು, ಅತಿ ನಿಧಾನದಲ್ಲಿ ಕೊಯ್ಯಿರಿ.

ಯಂತ್ರ ಇಡೀ ಬೆಂಚನ್ನೇ ಕುಣಿಸುತ್ತದೆ.

ಬೋಲ್ಟ್ ಹಾಕಿದ್ದೀರಾ? ಮೊದಲು ಅದು. ಸ್ಟ್ಯಾಂಡ್ ಹಗುರ ಇದ್ದರೆ ಕೆಳಗಿನ ಹಲಗೆಗೆ ಮರಳಿನ ಚೀಲ ಹೇರಿ. ನೆಲ ಸಮ ಇಲ್ಲದಿದ್ದರೆ ಮೂರು ಕಾಲಿನ ಸ್ಟ್ಯಾಂಡ್ ಉತ್ತಮ, ಅದು ಎಲ್ಲೂ ಗಡಗಡ ಅನ್ನುವುದಿಲ್ಲ. ಕೆಲವು ಯಂತ್ರ ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ನಡುಗುತ್ತವೆ, ಸ್ವಲ್ಪ ಏರಿಸಿ ಅಥವಾ ಇಳಿಸಿ ನೋಡಿ.

ನಿರ್ವಹಣೆ ಅಂದರೆ ಏನೇನು ಮಾಡಬೇಕು?

ಎಲ್ಲಕ್ಕಿಂತ ಮೊದಲು ಪ್ಲಗ್ ತೆಗೆಯಿರಿ. ಪ್ರತಿ ಸಲ ಕೆಲಸ ಮುಗಿದ ಮೇಲೆ ಹೊಟ್ಟು ತೆಗೆಯಿರಿ, ಕೆಳಗಿನ ಕ್ಲಾಂಪಿನ ಸುತ್ತ ಮತ್ತು ಮೋಟರಿನ ಗಾಳಿಕಿಂಡಿಯಲ್ಲಿ ಮುಖ್ಯವಾಗಿ. ಟೆನ್ಷನ್ ಸಡಿಲಿಸಿ ಬಿಡಿ. ಟೇಬಲ್ಲಿಗೆ ಆಗಾಗ ಪೇಸ್ಟ್ ವ್ಯಾಕ್ಸ್ ಉಜ್ಜಿ, ಮರ ಬೆಣ್ಣೆಯ ಹಾಗೆ ಜಾರುತ್ತದೆ. ಸಿಲಿಕಾನ್ ಇರುವ ಸ್ಪ್ರೇ ಮಾತ್ರ ಬೇಡ, ಮರಕ್ಕೆ ಹತ್ತಿದರೆ ಆಮೇಲೆ ಪಾಲಿಶ್ ಕೂರುವುದಿಲ್ಲ. ನಡುಕದಿಂದ ಬೋಲ್ಟ್‌ಗಳು ತಾವಾಗಿಯೇ ಸಡಿಲವಾಗುತ್ತವೆ, ತಿಂಗಳಿಗೊಮ್ಮೆ ಎಲ್ಲವನ್ನೂ ಮುಟ್ಟಿ ನೋಡಿ.

ಬೇರಿಂಗ್ ವಿಷಯ ನಿಜವಾಗಿ ಮುಖ್ಯ. ಹಳೆಯ ಮತ್ತು ಅಗ್ಗದ ಪ್ಯಾರಲಲ್ ಆರ್ಮ್ ಯಂತ್ರಗಳಲ್ಲಿ ತೋಳಿನ ಕೀಲಿಗೆ ಎಣ್ಣೆ ಕುಡಿಯುವ ಬುಷ್ (ಲೋಹದ ಬಳೆ) ಇರುತ್ತದೆ. ಮೊದಲ 10 ಗಂಟೆ ಓಡಿದ ಮೇಲೆ, ನಂತರ 50 ಗಂಟೆಗೊಮ್ಮೆ ಎಣ್ಣೆ ಹಾಕಿ ಅಂತ ಅಂಥ ಎಷ್ಟೋ ಯಂತ್ರಗಳ ಕೈಪಿಡಿಯಲ್ಲೇ ಇರುತ್ತದೆ, ಓದುವವರು ಕಡಿಮೆ. ಯಂತ್ರವನ್ನು ಪಕ್ಕಕ್ಕೆ ಮಲಗಿಸಿ, ಕೀಲಿನ ಮುಚ್ಚಳ ತೆಗೆದು, ಕೈಪಿಡಿ ಹೇಳಿದ ಮೆಷಿನ್ ಎಣ್ಣೆ ಬಿಟ್ಟು, ರಾತ್ರಿಯಿಡೀ ಹಾಗೇ ಬಿಡಿ. ಮಾರನೇ ದಿನ ಇನ್ನೊಂದು ಪಕ್ಕ. ಸೂಜಿ ಬೇರಿಂಗ್ ಅಥವಾ ಮುಚ್ಚಿದ ಬೇರಿಂಗ್ ಇರುವ ಯಂತ್ರಕ್ಕೆ ಇದನ್ನು ಮಾಡಬೇಡಿ, ಒಳಗಿನ ಗ್ರೀಸ್ ತೊಳೆದುಹೋಗುತ್ತದೆ. ಮೋಟರಿನಲ್ಲಿ ಕಾರ್ಬನ್ ಬ್ರಷ್ ಇದ್ದರೆ, ಓಟ ತಡವರಿಸಲು ಶುರುವಾದಾಗ ಮೊದಲು ಅದನ್ನೇ ತೆಗೆದು ನೋಡಿ.

ಇದು ಅಪಾಯ ಇಲ್ಲದ ಯಂತ್ರ ಅಂತಾರೆ, ನಿಜವಾ?

ಬೇರೆ ಗರಗಸಗಳಿಗೆ ಹೋಲಿಸಿದರೆ ಸೌಮ್ಯ. ಬೆರಳು ತಾಗಿದರೆ ಗಾಯ ಆಗೇ ಆಗುತ್ತದೆ, ಆದರೂ ನನಗೆ ಹೆಚ್ಚು ಭಯ ಇರುವುದು ಧೂಳಿನದ್ದು. ಇದರ ಹೊಟ್ಟು ಬಹಳ ನವಿರು, ಮುಖದ ಹತ್ತಿರವೇ ಏಳುತ್ತದೆ, ನೀವು ಗಂಟೆಗಟ್ಟಲೆ ಬಗ್ಗಿ ಕೂತಿರುತ್ತೀರಿ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಕೊಯ್ಯುವಾಗಲಂತೂ ಒಳ್ಳೆಯ ಮಾಸ್ಕ್ ಇಲ್ಲದೆ ಕೂರಲೇಬೇಡಿ. ಕನ್ನಡಕ ಬೇಕೇ ಬೇಕು, ಬ್ಲೇಡು ಮುರಿದಾಗ ಚೂರು ಎತ್ತ ಹಾರುತ್ತದೋ ಹೇಳಲಾಗದು. ಹಲಗೆ ಒತ್ತಿ ಹಿಡಿಯುವ ಪಾದವನ್ನು ಅನುಭವ ಆದವರು ತೆಗೆದು ಇಡುತ್ತಾರೆ, ಗೆರೆ ಚೆನ್ನಾಗಿ ಕಾಣುತ್ತದೆ. ಮೊದಲ ಕೆಲವು ತಿಂಗಳು ತೆಗೆಯಬೇಡಿ. ಬ್ಲೇಡು ಹಲಗೆಯನ್ನು ಎತ್ತಿ ಟೇಬಲ್ಲಿಗೆ ಬಡಿಯಲು ಶುರು ಮಾಡಿದರೆ ಕೈ ತೆಗೆಯಬೇಡಿ, ಗಟ್ಟಿಯಾಗಿ ಕೆಳಗೆ ಒತ್ತಿ ಸ್ವಿಚ್ ಆರಿಸಿ. ಕಾಲಿನ ಸ್ವಿಚ್ ಇದ್ದರೆ ಇಂಥ ಹೊತ್ತಿನಲ್ಲಿ ಎರಡೂ ಕೈ ಹಲಗೆಯ ಮೇಲೆಯೇ ಇರುತ್ತವೆ.

ಮೊದಲು ಏನು ಮಾಡಲಿ?

ಅಲಂಕಾರದ ವಸ್ತು ಬೇಡ, ಗೆರೆ ಬರೆದ ಚೂರು ಹಲಗೆ. ನೇರ ಗೆರೆ, ಅಲೆ, ಚೂಪು ಮೂಲೆ, ಸುರುಳಿ. ಗೆರೆಯ ಮೇಲೆಯೇ ಅಲ್ಲ, ಅದರ ಒಂದು ಪಕ್ಕಕ್ಕೆ ತಾಗಿ ಕೊಯ್ಯಿರಿ, ಕಣ್ಣಿಗೆ ಗೆರೆ ಕೊನೆತನಕ ಉಳಿಯುತ್ತದೆ. ಕೈ ಕೂತ ಮೇಲೆ ದೊಡ್ಡ ತುಂಡುಗಳ ಪ್ರಾಣಿ ಪಜಲ್ ಮಾಡಿ. ಒಂದೇ ಆಕಾರ ನಾಲ್ಕೈದು ಬೇಕಿದ್ದರೆ ತೆಳು ಹಲಗೆಗಳನ್ನು ಒಂದರ ಮೇಲೊಂದು ಇಟ್ಟು, ಅಂಚಿಗೆ ಟೇಪ್ ಸುತ್ತಿ, ಒಟ್ಟಿಗೆ ಕೊಯ್ಯಬಹುದು. ಒಟ್ಟು ದಪ್ಪ ಮುಕ್ಕಾಲು ಇಂಚು ಮೀರದಿರಲಿ. ಜಾಲಿಗೆ ಬಂದಾಗ ನಡುವಿನ ಸಣ್ಣ ತೂತುಗಳನ್ನು ಮೊದಲು ಕೊಯ್ದು, ಹೊರಗಿನ ಅಂಚನ್ನು ಕೊನೆಗೆ ಇಟ್ಟುಕೊಳ್ಳಿ. ಅಲ್ಲಿಯವರೆಗೆ ಹಿಡಿಯಲು ಗಟ್ಟಿ ಹಲಗೆ ಉಳಿದಿರುತ್ತದೆ.